ದರ್ಜಿ ಅಂಗಡಿಯ ಹಳೇ ಸ್ಪೀಕರ್

ಜೂನ್ 4, ಬೆಳಗ್ಗೆ 7

ಮತ್ತೆ ಅಳತೆ ಹಿಡಿದೆ. ಕೋಣೆ ಹತ್ತಡಿಗೆ ಹನ್ನೊಂದು. ಮಂಚ, ಕಪಾಟು, ಮೇಜು ಬಿಟ್ಟರೆ ಉಳಿಯುವುದು ಚಪ್ಪಲಿ ಬಿಡುವಷ್ಟು ಜಾಗ. ಆ ಸ್ಪೀಕರ್‌ಗಳೋ ಒಂದೊಂದೂ ಸೊಂಟದೆತ್ತರ. ದರ್ಜಿ ಮಾರಲಿಟ್ಟಿರುವ ಜೋಡಿ, ಮೂವತ್ತು ವರ್ಷ ಹಳೆಯದು. ಗೋಡೆಗೆ ಒತ್ತಿಟ್ಟರೆ ಬೇಸ್ ಗುಂಯ್‌ಗುಡುತ್ತದೆ, ಮುಂದಕ್ಕೆಳೆದರೆ ಮಂಚದಿಂದ ಇಳಿಯುವ ಹಾಗಿಲ್ಲ. ಬುದ್ಧಿ ಇರುವವನು ಕೊಳ್ಳುವುದಿಲ್ಲ.

ಆದರೂ ಬೇಕು. ಹಳೆ ಸ್ಟುಡಿಯೋದಲ್ಲಿದ್ದದ್ದು ಇದೇ ಮಾಡೆಲ್. ಇವುಗಳ ಮುಂದೆ ಕೂತು ಇಪ್ಪತ್ತೆರಡು ವರ್ಷ ರೆಕಾರ್ಡಿಂಗ್‌ಗಳ ಎಡ-ಬಲ ಸರಿದೂಗಿಸಿದ್ದೇನೆ. ಒಬ್ಬನೂ ಸೊಲ್ಲೆತ್ತಿರಲಿಲ್ಲ. ಹೊಸ ಸ್ಪೀಕರ್ ಬಂದವು — ದೂರು ಶುರು.

ಜೂನ್ 5

ಜೂನಿಯರ್‌ದು ಸ್ಟುಡಿಯೋದಲ್ಲಿ ಇವತ್ತೂ ಅದೇ ರಾಗ. "ಸರ್, ಬಲಗಡೆ ಜಾಸ್ತಿ ಆಗಿದೆ. ಸ್ವಲ್ಪ ಇಳಿಸ್ಲಾ?" ಎಲ್ಲರ ಎದುರಿಗೆ. ಕೆಲಸಕ್ಕೆ ಸೇರಿ ಐದು ತಿಂಗಳು, ಆಗಲೇ ನನ್ನ ಕಿವಿ ಹಿಂಡುವಷ್ಟು ದೊಡ್ಡವಳಾದಳು. ಮುಖ್ಯಸ್ಥರು ಗಡ್ಡ ಕೆರೆದುಕೊಂಡರು. ಅವಳ ಪ್ರೊಬೇಷನ್ ವರದಿ ಬರೆಯಬೇಕಾದವನು ನಾನು. ನಾನು ಬೇಡ ಅಂದರೆ ಅವಳಿಗೆ ಕೆಲಸವಿಲ್ಲ. ಅದು ಗೊತ್ತಿದ್ದೂ ಬಾಯಿ ಮುಚ್ಚುವುದಿಲ್ಲ...

ಹಳೆಯ ಸ್ಪೀಕರ್ ತಂದು ನಾನು ಸರಿದೂಗಿಸಿದ ಮಿಕ್ಸ್‌ಗಳನ್ನು ಮನೆಯಲ್ಲೇ ಕೇಳುತ್ತೇನೆ. ತಪ್ಪು ಯಾರದ್ದು ಅಂತ ಆಮೇಲೆ ವರದಿಯಲ್ಲಿ ಬರೆದರಾಯಿತು.

ಜೂನ್ 8, ಭಾನುವಾರ

ಅಕ್ಕ ಬಂದಿದ್ದಳು. ಸ್ಪೀಕರ್ ಫೋಟೋ ತೋರಿಸಿದೆ. "ಇವೇನೋ, ಬೀರುಗಳಾ?" ಅಂದಳು. "ಕಟ್ಕೊಂಡವಳಿಗೆ ಜಾಗ ಇರ್ಲಿಲ್ಲ, ಇವಕ್ಕಿದೆಯಾ?" ನಗುತ್ತಲೇ ಅಂದಳು. ಚುಚ್ಚಿತು. ಹೊರಡುವಾಗ ಮೆಟ್ಟಿಲಿಂದ ಏನೋ ಕೂಗಿದಳಂತೆ, ನಾನು ಓಗೊಡಲಿಲ್ಲವಂತೆ. ಅದಕ್ಕೆ ಮುನಿಸು ಬೇರೆ.

ಜೂನ್ 9

ದರ್ಜಿ ಅಂಗಡಿಗೆ ಹೋದೆ. ಕತ್ತರಿ, ಇಸ್ತ್ರಿಪೆಟ್ಟಿಗೆ, ಸ್ಪೀಕರ್ — ಎಲ್ಲಕ್ಕೂ ಬೆಲೆ ಚೀಟಿ. "ದಾರ ಪೋಣಿಸೋಕೆ ಕಣ್ಣು ಕಾಣಲ್ಲ ಸಾರ್. ಇನ್ನೊಬ್ಬರ ಬಟ್ಟೆ ಯಾಕೆ ಕೆಡಿಸ್ಲಿ? ಮುಚ್ತಿದ್ದೀನಿ" ಅಂದ.

ಹಾಡು ಹಾಕಿದ. ಕಣ್ಣು ಮುಚ್ಚಿ ಕೂತೆ. ಎಡಗಡೆಯದು ಬಂಗಾರ. ಬಲಗಡೆಯದು ಬಾಯಿಗೆ ಬಟ್ಟೆ ತುರುಕಿದ ಹಾಗೆ.

"ಬಲಗಡೆದು ಸತ್ತಿದೆ" ಅಂದೆ.

"ಮೊನ್ನೆ ತಾನೇ ಮೆಕ್ಯಾನಿಕ್ ನೋಡಿ ಹೋದ. ಎರಡೂ ಒಂದೇ ಥರ ಇವೆ ಸಾರ್."

"ನನಗೇ ಹೇಳಿಕೊಡ್ತೀರಾ? ಇದು ನನ್ನ ಅನ್ನ."

ಅರ್ಧ ಬೆಲೆಗೆ ಕೇಳಿದೆ. ಪಾಪ, ಮುಖ ಸಣ್ಣದಾಯಿತು. ಇನ್ನೊಂದು ಸಲ ಬಿಚ್ಚಿಸಿ ನೋಡುತ್ತೇನೆ ಅಂದ.

ಜೂನ್ 11

ನನ್ನ ಮಿಕ್ಸನ್ನು ಜೂನಿಯರ್ ತಾನೇ ತಿದ್ದಿ ಕಳಿಸಿದ್ದಾಳೆ! ಹೇಳದೆ ಕೇಳದೆ. ಮೈಯೆಲ್ಲ ಉರಿದುಹೋಯಿತು. ಸ್ಪೀಕರ್ ಬರುವ ತನಕ ಕಾಯಬೇಕಿತ್ತು. ಕಾಯದೆ ಅವಳ ವರದಿ ಬರೆದೆ. "ಈ ಕೆಲಸಕ್ಕೆ ಬೇಕಾದ ಕಿವಿ ಇವರಿಗಿಲ್ಲ." ಸಹಿ. ಮುಖ್ಯಸ್ಥರ ಮೇಜಿನ ಮೇಲಿಟ್ಟು ಬಂದೆ. ಮಧ್ಯಾಹ್ನದ ಊಟ ರುಚಿಸಿತು. ಸುಳ್ಳು ಯಾಕೆ.

ಜೂನ್ 14

ಮತ್ತೆ ದರ್ಜಿ. ಮೆಕ್ಯಾನಿಕ್ ಪೂರ್ತಿ ಬಿಚ್ಚಿ ನೋಡಿದನಂತೆ, ಏನೂ ದೋಷವಿಲ್ಲವಂತೆ. ಕೇಳಿದೆ. ಬಲಗಡೆಯದು ಹಾಗೇ ಇತ್ತು. ಬೈಯಲು ಬಾಯಿ ತೆರೆದೆ.

"ಸಾರ್, ಒಂದ್ನಿಮಿಷ. ಆ ಕಡೆ ತಿರುಗಿ ಕೂತ್ಕೊಳಿ. ಬೆನ್ನು ಕೊಟ್ಟು."

"ಯಾಕೆ?"

"ಸುಮ್ನೆ."

ತಿರುಗಿ ಕೂತೆ. ಸತ್ತಿದ್ದ ಸ್ಪೀಕರ್ ಈಗ ನನ್ನ ಎಡಕ್ಕೆ. ಖಣಖಣ ಹಾಡುತ್ತಿತ್ತು. ಬಂಗಾರದ್ದು ನನ್ನ ಬಲಕ್ಕೆ ಬಂದಿತ್ತು. ಈಗ ಅದು ಸತ್ತಿತ್ತು. ಮತ್ತೆ ತಿರುಗಿದೆ. ಮತ್ತೊಮ್ಮೆ... ದರ್ಜಿಯೇ ಹಾಡು ನಿಲ್ಲಿಸಿದ.

"ವಯಸ್ಸು ಸಾರ್. ನನಗೆ ಕಣ್ಣು, ನಿಮಗೆ —"

"ನಿಮ್ಮ ಅಂಗಡಿ ಗೋಡೆ ಸರಿಯಿಲ್ಲ" ಅಂದೆ. ಎದ್ದು ಬಂದೆ.

ಜೂನ್ 22

ಎಂಟು ದಿನ ಬರೆಯಲಿಲ್ಲ. ಇಬ್ಬರು ಡಾಕ್ಟರಿಗೆ ತೋರಿಸಿದೆ. ಬಲಗಿವಿ ಹೆಚ್ಚುಕಡಿಮೆ ಹೋಗಿದೆ. ಮೂರ್ನಾಲ್ಕು ವರ್ಷದಿಂದ ಇಳಿಯುತ್ತಾ ಬಂದಿರಬೇಕು ಅಂದರು. ಇಳಿದ ಹಾಗೆಲ್ಲ ನಾನು ಬಲಗಡೆಯ ಸದ್ದು ಏರಿಸುತ್ತಾ ಬಂದಿದ್ದೇನೆ. ಆ ಹುಡುಗಿ ಹೇಳಿದ್ದೆಲ್ಲ ನಿಜ. ಫೋನ್ ಯಾವಾಗಲೂ ಎಡಗಿವಿಗೆ ಹಿಡಿಯುತ್ತಿದ್ದೆ. ಬಲಗೈಯಲ್ಲಿ ಪೆನ್ ಇರುತ್ತಲ್ಲ, ಅದಕ್ಕೇ ಅಂದುಕೊಂಡಿದ್ದೆ.

ಸ್ಪೀಕರ್ ಕೊಂಡೆ. ಪೂರ್ತಿ ಬೆಲೆ ಕೊಟ್ಟು. ಕೊಳ್ಳದಿದ್ದರೆ, ಕಿವಿ ಹೋದದ್ದಕ್ಕೇ ಕೊಳ್ಳಲಿಲ್ಲ ಅಂತ ದರ್ಜಿಗೆ ಗೊತ್ತಾಗುತ್ತಿತ್ತಲ್ಲ. ಈಗ ಕೋಣೆಯಲ್ಲಿ ಅಡ್ಡಡ್ಡ ನಡೆಯಬೇಕು. ಒದ್ದೆ ಟವೆಲ್ ಹರವಲು ಚೆನ್ನಾಗಿವೆ.

ಜೂನ್ 24

ವರದಿ ನಾಳೆ ಹನ್ನೊಂದಕ್ಕೆ ಮೇಲಿನವರಿಗೆ ಹೋಗುತ್ತದೆ. ಅಷ್ಟರೊಳಗೆ ವಾಪಸ್ ಕೇಳಬಹುದು. ಕೇಳಿದರೆ ಕಾರಣ ಹೇಳಬೇಕು. ಹೇಳಿದರೆ ನನ್ನ ಕುರ್ಚಿ ಹೋಗುತ್ತದೆ.

ವರದಿಯಲ್ಲಿ ಏನಿದೆ ಅಂತ ಮುಖ್ಯಸ್ಥರು ಜೂನಿಯರ್‌ಗೆ ಹೇಳಿದ್ದಾರೆ. ಮಧ್ಯಾಹ್ನ ಬಂದಳು, ಕೈಯಲ್ಲಿ ಆಸ್ಪತ್ರೆ ಕಾಗದ.

"ಟೆಸ್ಟ್ ಮಾಡಿಸ್ದೆ ಸರ್. ಎರಡೂ ಕಿವಿ ಸರಿಯಾಗಿದೆ ಅಂದ್ರು. ಹಾಗಾದ್ರೆ ನಂಗ್ಯಾಕೆ ತಪ್ಪು ಕೇಳ್ಸುತ್ತೆ?"

ಜಗಳಕ್ಕೆ ಬಂದಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು. ನನ್ನ ಎಡಕ್ಕೇ ನಿಂತಿದ್ದಳು, ಒಂದಕ್ಷರ ಬಿಡದೆ ಕೇಳಿಸಿತು.

"ಮಷಿನ್‌ಗೆ ಎಲ್ಲಾ ಗೊತ್ತಾಗಲ್ಲಮ್ಮ" ಅಂದೆ.

ತಲೆಯಾಡಿಸಿ ಹೋದಳು. ನಂಬಿದಳು. ಥೂ ನನ್ನ ಜನ್ಮಕ್ಕೆ.

ಜೂನ್ 25, 9.40

ರಜೆ ಹಾಕಿದೆ. ಮುಖ್ಯಸ್ಥರಿಗೆ ಇಲ್ಲಿಂದಲೇ ಮೆಸೇಜ್ ಕಳಿಸುವುದು ಅಂತ. "ನನ್ನ ವರದಿಯಲ್ಲಿ ಒಂದು ಸಣ್ಣ ತಪ್ಪಾಗಿದೆ..." ಸಣ್ಣದಾ? ಅಳಿಸಿದೆ.

10.35

"ನನ್ನ ಬಲಗಿವಿ" ಅಂತ ಬರೆದೆ. ಅಳಿಸಿದೆ. ಐವತ್ತೆರಡಕ್ಕೆ ಬೇರೆ ಯಾವ ಕೆಲಸ ಬರುತ್ತದೆ ನನಗೆ? ಅವಳಿಗೆ ಇಪ್ಪತ್ನಾಲ್ಕು, ಎಲ್ಲಾದರೂ ಸಿಗುತ್ತದೆ. ಹೀಗೆಲ್ಲ ಅಂದುಕೊಳ್ಳಲು ನಾಚಿಕೆಯಾಗಬೇಕು. ಆಗುತ್ತಿದೆ. ಆದರೂ ಕೈ ಏಳುತ್ತಿಲ್ಲ.

11.10

ಮುಖ್ಯಸ್ಥರ ಫೋನ್. "ಆ ಹುಡುಗಿ ಫೈಲ್ ಹೋಯ್ತು. ನೀವ್ಯಾಕೆ ಬಂದಿಲ್ಲ, ಹುಷಾರಿಲ್ವಾ?" ನೆಗಡಿ ಅಂದೆ. "ನೋಡ್ಕೊಳ್ರಿ. ನೆಗಡಿ ನಿಮ್ಮ ಕಿವಿಗೆ ಇಳಿದ್ರೆ ನಮ್ಮ ಗತಿ ಏನು?" ನಕ್ಕರು. ನಾನೂ ನಕ್ಕೆ. ಇಲ್ಲ ಸರ್ ಅಂದೆ, ಎರಡೂ ಕಿವಿ ಚೆನ್ನಾಗಿವೆ.