ಬೂದಿಯಲ್ಲಿಟ್ಟ ವಾಚು

ಪ್ರೀತಿಯ ತಬಸುಮ್,

ಕುಬಿಹಾಳದಿಂದ ರೋಹಿಣಿ. ಫೋನಿನಲ್ಲಿ ಹೇಳುವುದು ಬಿಟ್ಟು ಇವಳೇಕೆ ಕಾಗದ ಬರೆದಳು ಎಂದು ನಗಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನನ್ನ ಬಾಯಿ ಬೇರೆ ಮಾತಿಗೆ ಹೊರಳಿಬಿಡುತ್ತದೆ. ಹೋದ ವಾರ ನೀನು ಅಣ್ಣಿಗೇರಿಯಿಂದ ಫೋನ್ ಮಾಡಿದಾಗಲೂ ಹಾಗೇ ಆಯಿತು. "ನನಗೂ ಶುಗರ್ ಬಂದೈತಬೇ, ಡಾಕ್ಟರ್ ದಿನಾ ನಡಿ ಅಂದಾರ. ನನ್ನ ಹೆಜ್ಜಿ ಎಣಿಸೋ ವಾಚು ಹಾಳಾತು. ನಿಂದು ಸುಮ್ನ ಬಿದ್ದಿದ್ರ ಕೊಡು, ರವಿವಾರ ಬಂದು ಒಯ್ತೀನಿ" ಎಂದು ನೀನು ಕೇಳಿದೆ. ಆಮೇಲೆ ನಗುತ್ತ, "ಅವತ್ತಿನಂಗ ಚಾರ್ಜ್ ಇಲ್ಲ ಅನಬ್ಯಾಡ ಮತ್ತ" ಎಂದೂ ಸೇರಿಸಿದೆ. ಅದು ಬರೀ ಚೇಷ್ಟೆ, ಗೊತ್ತು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತಾಯಿತು ನನ್ನ ಗತಿ. ಅಂದಿನಿಂದ ನಾನು ಒಂದು ಕಡೆ ಕೂತಿಲ್ಲ.

ವಾಚು ಎಲ್ಲಿತ್ತು ಗೊತ್ತೇ? ಬೀಜದ ಗಡಿಗೆಯಲ್ಲಿ! ಮೂರು ವರ್ಷದ ಹಿಂದೆ ಅದನ್ನು ಬಿಚ್ಚಿ ನಮ್ಮ ಅತ್ತೆ ಸಾವಿತ್ರೆವ್ವನ ಕೈಗೆ ಕೊಟ್ಟು, ನನ್ನ ಕಣ್ಣಿಗೆ ಬೀಳದ ಹಾಗೆ ಎಲ್ಲಾದರೂ ಇಡಿ ಎಂದಿದ್ದೆ. ಅವರಿಗೆ ಜೋಪಾನ ಮಾಡಲು ಗೊತ್ತಿರುವುದು ಒಂದೇ ರೀತಿ. ಗಡಿಗೆಗೆ ಒಲೆಯ ಬೂದಿ, ಬೇವಿನ ತಪ್ಪಲು, ಅಲಸಂದಿ ಕಾಳು, ಕಾಳಿನ ನಡುವೆ ನನ್ನ ವಾಚು. ವರ್ಷವರ್ಷವೂ ಕಾಳು ಬದಲಾಗಿದೆ, ಬೂದಿ ಬದಲಾಗಿದೆ, ವಾಚು ಅಲ್ಲೇ ಇದೆ. ಮೊನ್ನೆ ಕೇಳಿದಾಗ ಮೊಳಕೈತನಕ ಕೈ ಹಾಕಿ ತೆಗೆದು, ಸೆರಗಿನಿಂದ ಒರೆಸಿ, "ನೋಡವಾ, ಒಂದ ನುಸಿ ಹತ್ತಿಲ್ಲ" ಎಂದು ಕೊಟ್ಟರು.

ನುಸಿ ಹತ್ತಿರಲಿಲ್ಲ, ಕರೆಂಟೂ ಹತ್ತಲಿಲ್ಲ. ಬಾಜೂ ಗುಂಡಿ ಒತ್ತಿ ಇಪ್ಪತ್ತು ಎಣಿಸಿದೆ. ಹೊಲಿಗೆ ಮಷೀನಿನ ಡ್ರಾವರಿನಲ್ಲಿ ಅದರ ವೈರು ಹುಡುಕಿ ಹಚ್ಚಿದೆ. ಪ್ಲಗ್ ಬದಲಿಸಿದೆ, ನಮ್ಮವರ ಚಾರ್ಜರಿಗೆ ಸಿಕ್ಕಿಸಿದೆ, ಕಿತ್ತೆ, ಮತ್ತೆ ಹಚ್ಚಿದೆ. ಎರಡು ಹೊಲಿಗೆ ಹಾಕುವುದು, ಎದ್ದು ಹೋಗಿ ನೋಡುವುದು. ಕೊನೆಗೆ ಬಾಜೂ ಮನೆಯ ಮಹಾದೇವಕ್ಕನ ಜಂಪರಿಗೆ ಎರಡೂ ಎಡಗೈ ತೋಳು ಹಚ್ಚಿಬಿಟ್ಟೆ. ಇಪ್ಪತ್ತು ವರ್ಷದ ಹೊಲಿಗೆಯಲ್ಲಿ ಇಂಥದ್ದು ಆಗಿರಲಿಲ್ಲ.

ಇಷ್ಟು ಒದ್ದಾಟ ಏಕೆಂದು ಹೇಳಲೇಬೇಕು. ನೀನು ಈ ಊರಲ್ಲೇ ಇದ್ದಾಗ ನಾವಿಬ್ಬರೂ ಹುಬ್ಬಳ್ಳಿಯಲ್ಲಿ ಜೋಡಿ ವಾಚು ಕೊಂಡು, ಬೆಳಿಗ್ಗೆ ಕುಂದಗೋಳದ ರಸ್ತೆಗುಂಟ ನಡೆದು, ಯಾರ ಹೆಜ್ಜೆ ಹೆಚ್ಚೆಂದು ಜಗಳಾಡುತ್ತಿದ್ದೆವಲ್ಲ. ದಿನವೂ ನನ್ನದೇ ಹೆಚ್ಚು. ಗುಟ್ಟು ಹಿಡಿದವಳು ನೀನು. ನಾನು ರೊಟ್ಟಿ ಬಡಿಯುವಾಗ ಕೈಯಲ್ಲಿನ ವಾಚಿನಲ್ಲಿ ಹೆಜ್ಜೆ ಏರುವುದನ್ನು ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿಬಿಟ್ಟೆ. ಮರುದಿನ ಸಂಘದ ಹೆಂಗಸರ ಮುಂದೆ, "ಈಕಿ ನಡದದ್ದಲ್ಲವಾ, ರೊಟ್ಟಿ ಬಡದದ್ದು! ಕುಂತಲ್ಲೇ ಹುಬ್ಬಳ್ಳಿ ಮುಟ್ಯಾಳ" ಎಂದು ಹೇಳಿಬಿಟ್ಟೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಮೈಯೆಲ್ಲ ಉರಿಯಿತು. ಕಳ್ಳತನ ನನ್ನದು, ಸಿಟ್ಟು ಮಾತ್ರ ನಿನ್ನ ಮೇಲೆ.

ಅದಾದ ಮೂರನೇ ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಫೋನು ಪಡಸಾಲೆಯಲ್ಲಿತ್ತು. ಕೈಯಲ್ಲಿ ವಾಚು ನಡುಗಿತು, ನಿನ್ನ ಹೆಸರು ಬಂತು. ಹಿಟ್ಟಿನ ಬೆರಳಿನಿಂದ ಕೆಂಪು ಗುರುತು ಒತ್ತಿದೆ. ಮತ್ತೆ ಬಂತು, ಮತ್ತೆ ಒತ್ತಿದೆ. ಮೂರನೇ ಸಲವೂ ಅಷ್ಟೇ. ನಕ್ಕವಳು ಸ್ವಲ್ಪ ಕಾಯಲಿ ಎಂದುಕೊಂಡೆ. ಅಲ್ಲಿ ನಿನ್ನ ತಾಯಿ ಖಾದರಬಿ ಚಾಚಿಗೆ ಎದೆನೋವು ಬಂದಿತ್ತು. ಅವರನ್ನು ಬಿಟ್ಟು ಬರಲಾರದೆ ನೀನು ಮನೆಯಿಂದಲೇ ಕರೆಯುತ್ತಿದ್ದೆ. ನನ್ನ ಸ್ಕೂಟಿಯ ಮೇಲೆ ಚಾಚಿಯನ್ನು ನಮ್ಮಿಬ್ಬರ ನಡುವೆ ಕೂಡಿಸಿಕೊಂಡರೆ ಕುಂದಗೋಳದ ದವಾಖಾನೆ ಎಷ್ಟು ಹೊತ್ತಿನ ದಾರಿ? ನಿನಗೆ ಟಂಟಂ ರಿಕ್ಷಾ ಸಿಗುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಚಾಚಿ ಎರಡು ದಿನ ಇದ್ದು ತೀರಿಕೊಂಡರು.

ಮಯ್ಯತ್ತಿನ ದಿನ, ಚಾಚಿಯನ್ನು ಮಣ್ಣಿಗೆ ಒಯ್ದ ಮೇಲೆ, ನೀನು ನನ್ನ ಕೈ ಹಿಡಿದು, "ಯಾಕ ಎತ್ತಲಿಲ್ಲಬೇ?" ಎಂದು ಕೇಳಿದೆ. "ವಾಚಿನ್ಯಾಗ ಚಾರ್ಜ್ ಇರಲಿಲ್ಲ ತಬಸುಮ್, ಫೋನು ಹೊರಗಿತ್ತು" ಎಂದೆ ನಾನು. ನೀನು ನಂಬಿದೆ. "ನಿಂದೇನ ತಪ್ಪೈತಿ, ಅಳಬ್ಯಾಡ" ಎಂದು ನನಗೇ ಸಮಾಧಾನ ಹೇಳಿದೆ. ಚಾರ್ಜ್ ಇತ್ತು ತಬಸುಮ್. ಅರ್ಧಕ್ಕಿಂತ ಹೆಚ್ಚಿತ್ತು. ಬೇಗ ಒಯ್ದಿದ್ದರೆ ಚಾಚಿ ಉಳಿಯುತ್ತಿದ್ದರೋ ಏನೋ, ಯಾರೂ ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ. ಅವತ್ತೇ ವಾಚು ಬಿಚ್ಚಿ ಅತ್ತೆಯ ಕೈಗೆ ಕೊಟ್ಟೆ.

ನಿನ್ನೆ ಅದನ್ನು ಕುಂದಗೋಳಕ್ಕೆ ಒಯ್ದು, ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ, ಮೊಬೈಲು ರಿಪೇರಿ ಮಾಡುವ ಕಾಸೀಮಸಾಬರ ಮುಂದಿಟ್ಟೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, "ಏನ್ರೀ ಅಕ್ಕಾರ, ವಾಚಿಗೂ ವಿಭೂತಿ ಹಚ್ಚೀರೇನು?" ಎಂದರು. ವಾಚಿನ ಬೆನ್ನಿಗೆ ಕರೆಂಟು ಹತ್ತುವ ಎರಡು ಚುಕ್ಕೆಗಳ ಮೇಲೆ ಬೂದಿ ಗಟ್ಟಿಯಾಗಿ ಕಟ್ಟಿತ್ತು. ಸ್ಪಿರಿಟ್ಟು, ಹಲ್ಲುಜ್ಜುವ ಹಳೆಯ ಬ್ರಷ್ಷು ಹಿಡಿದು ತಿಕ್ಕಿದರು. "ಮೂರು ವರ್ಷ ಉಪವಾಸ ಬಿದ್ದ ಬ್ಯಾಟ್ರಿ ಐತ್ರಿ. ಜೋರು ಕರೆಂಟ್ ಕೊಡಬ್ಯಾಡ್ರಿ. ಟೀವಿ ಹಿಂದಿನ ತೂತಿಗೆ ಹಚ್ಚಿ ಬಿಡ್ರಿ, ನಿಧಾನ ಕುಡೀಲಿ. ಜೀವ ಇದ್ರ ಎದ್ದೇಳತೈತಿ" ಎಂದರು. ಕೇಳಬಾರದೆಂದುಕೊಂಡೇ ಕೇಳಿದೆ, ಹಳೆಯ ಕರೆಗಳು ಅದರಲ್ಲಿ ಉಳಿದಿರುತ್ತವೆಯೇ ಎಂದು. "ಒಮ್ಮೊಮ್ಮೆ ಇರ್ತಾವ್ರಿ, ಒಮ್ಮೊಮ್ಮೆ ಹೋಗಿರ್ತಾವ. ಎದ್ದ ಮ್ಯಾಲೇ ಗೊತ್ತು."

ಇವತ್ತು ಬೆಳಗಿನಿಂದ ಟೀವಿ ಹಚ್ಚೇ ಇತ್ತು, ಅತ್ತೆಗೆ ಹಬ್ಬ. ನಾನು ಮಾತ್ರ ಅಂಗಳಕ್ಕೆ ಹೋಗುವುದು, ಒಳಗೆ ಬರುವುದು. ಅದು ಏಳದಿದ್ದರೆ ನೀನು ಬರಿಗೈಯಲ್ಲಿ ಹೋಗಬೇಕು. ಎದ್ದು, ನಿನ್ನ ಹೆಸರು ಮೂರು ಸಲ ಕೆಂಪಗೆ ಕಂಡರೆ? ಏಳಲಿ ಎಂದು ಬೇಡಿಕೊಳ್ಳಲೂ ಆಗಲಿಲ್ಲ, ಏಳದಿರಲಿ ಎನ್ನಲೂ ಆಗಲಿಲ್ಲ.

ಊಟದ ಹೊತ್ತಿಗೆ ಎದ್ದಿತು. ಮೊದಲು ಮಿಂಚಿನ ಗುರುತು ಬಂದು ಆರಿತು, ಮತ್ತೆ ಬಂತು, ಆಮೇಲೆ ಅಂಗೈಯಲ್ಲಿ ನಡುಗಿತು. ಅದೇ ನಡುಕ. ಜನವರಿ ಒಂದು, ಹನ್ನೆರಡು ಗಂಟೆ, ಹೆಜ್ಜೆ ಸೊನ್ನೆ. ಬೆರಳಿನಿಂದ ಮೇಲೆ ಕೆಳಗೆ ಎಲ್ಲ ಸರಿಸಿ ನೋಡಿದೆ. ಒಂದು ಕರೆಯೂ ಇಲ್ಲ. ಎಲ್ಲ ಅಳಿಸಿಹೋಗಿದೆ. ಸುಳ್ಳು ಹೇಳುವುದಿಲ್ಲ, ಮೊದಲು ಸಂತೋಷವೇ ಆಯಿತು.

ಆಗ ಅತ್ತೆ ಟೀವಿಯಿಂದ ಮುಖ ತಿರುಗಿಸಿ, "ಬೂದ್ಯಾಗ ಇಟ್ಟದ್ದು ಕೆಡಂಗಿಲ್ಲ, ನಾ ಹೇಳಿದ್ನಿಲ್ಲೋ?" ಎಂದರು. ಅವರು ಹೇಳಿದ್ದು ವಾಚಿನ ಮಾತು. ನನಗೆ ಮೂರು ವರ್ಷ ಕೆಡದಂತೆ ಕಾಯ್ದುಕೊಂಡು ಬಂದ ನನ್ನ ಸುಳ್ಳೇ ಕಣ್ಣ ಮುಂದೆ ಬಂತು. ಆ ಕರೆಗಳ ಗುರುತು ಈಗ ಎಲ್ಲೂ ಇಲ್ಲ. ರವಿವಾರ ನಿನ್ನ ಕೈಗೆ ಇದನ್ನು ಕಟ್ಟಿ ಕಳಿಸಿದರೆ ನೀನು ದಿನಾ ಹೆಜ್ಜೆ ಎಣಿಸುತ್ತ, "ರೋಹಿಣಿ ಕೊಟ್ಟದ್ದು" ಎಂದು ನಾಲ್ಕು ಮಂದಿಗೆ ಹೇಳುತ್ತೀ. ಅದನ್ನು ನೆನೆದೇ ಪೆನ್ನು ಹುಡುಕಿದೆ.

ಈ ಕಾಗದ ಇವತ್ತೇ ನಮ್ಮವರ ಕೈಯಲ್ಲಿ ಅಣ್ಣಿಗೇರಿಗೆ ಹೊರಟಿದೆ. ಇದರಲ್ಲಿ ಏನಿದೆ ಎಂದು ಅವರಿಗೂ ಗೊತ್ತಿಲ್ಲ. ಬಸ್ ಹತ್ತುವ ಮೊದಲೇ ನೀನು ಓದಬೇಕು. ಬರಲು ಮನಸ್ಸಾಗದಿದ್ದರೆ ಬರಬೇಡ, ವಾಚನ್ನು ಕಳಿಸಿಕೊಡುತ್ತೇನೆ, ಆಮೇಲೆ ಕಟ್ಟಿಕೊಳ್ಳುವುದು ಬಿಡುವುದು ನಿನಗೆ ಬಿಟ್ಟದ್ದು. ಬಂದರೆ, ಬಸ್ಸಿಳಿದು ಒಂದು ಫೋನ್ ಮಾಡು. ಹಂಚಿನ ಮೇಲಿನ ರೊಟ್ಟಿ ಸುಟ್ಟರೂ ಸುಡಲಿ, ಮೊದಲ ರಿಂಗಿಗೇ ಎತ್ತುತ್ತೇನೆ.

ನಿನ್ನ ಕಾಲಿಗೆ ಬಲ ಬರಲಿ. ಚಾಚಿಯ ಗೋರಿ ತಂಪಾಗಿರಲಿ.

ಚಾರ್ಜ್ ಇದ್ದೂ ಎತ್ತದವಳು,
ರೋಹಿಣಿ