ನಿದ್ದೆ ಮಾಡುವ ಪುದೀನ

ಅತ್ತಿಗೆ,

ನೀವು ಅಣ್ಣನನ್ನ ಬಿಟ್ಟು ಹೋದಮೇಲೂ ನಿಮ್ಮನ್ನ ಹಾಗೆ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ. ಹೇಗೂ ಇದನ್ನ ಕಳಿಸಲ್ಲವಲ್ಲ, ಕರೆದುಬಿಡ್ತೀನಿ.

ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಚಪ್ಪಾಳೆ ಸದ್ದು ಬಂತು. ಮನೆಯಲ್ಲಿದ್ದಿದ್ದು ಅಣ್ಣ, ನಾನು ಇಬ್ಬರೇ. ಚಪ್ಪಾಳೆ ಹೊಡೆಯುವಂಥದ್ದು ಏನಪ್ಪಾ ಆಯ್ತು ಅಂತ ಹೋಗಿ ಇಣುಕಿದೆ. ಒಲೆ ಮೇಲೆ ಚಹಾ ಕುದೀತಿತ್ತು. ನೀವು ನೆರಳಲ್ಲಿ ಒಣಗಿಸಿಟ್ಟ ಪುದೀನದ ಡಬ್ಬಿ ಮುಂದಿಟ್ಟುಕೊಂಡು, ಅಂಗೈ ಮೇಲೆ ಎಲೆ ಹಾಕಿ, ಇನ್ನೊಂದು ಕೈಯಿಂದ ಪಟ್ಟಂತ ಹೊಡೀತಿದ್ದ ಅಣ್ಣ.

"ಏನಣ್ಣ ಇದು?"

"ಪುದೀನ ನಿದ್ದೆ ಮಾಡ್ತಿರುತ್ತಂತೆ. ಹಾಕೋ ಮುಂಚೆ ಎಬ್ಬಿಸಬೇಕಂತೆ."

ಆ 'ಅಂತೆ' ಯಾರದು ಅಂತ ನಾನು ಕೇಳಲಿಲ್ಲ. ನೀವು ಕುಂಡದ ಪುದೀನನ ಗೆಣ್ಣಿನ ಮೇಲಕ್ಕೆ ಚಿವುಟಿ ತಂದು, ಇದೇ ಮಾತು ಹೇಳ್ತಾ ಹೀಗೇ ತಟ್ಟಿ ಘಮ ಎಬ್ಬಿಸುವಾಗ ಅವನು ಪೇಪರಿನಿಂದ ತಲೆ ಎತ್ತಿದ್ದೇ ನಾನು ಕಂಡಿಲ್ಲ. ನೀವು ಕಂಡಿದ್ರಾ? ಯಾವಾಗ ಕೇಳಿಸಿಕೊಂಡ, ಯಾವ ಕಿವಿಯಲ್ಲಿ?

ಅದೂ ಅರ್ಧಂಬರ್ಧ. ತಟ್ಟೋದು ಹಸಿ ಎಲೆನ. ಒಣಗಿದ್ದನ್ನ ಬೆರಳಲ್ಲಿ ಉಜ್ಜಬೇಕು. ಹೊಡೆದಷ್ಟೂ ಪುಡಿಯಾಗಿ ಕಟ್ಟೆ ತುಂಬಾ ಚೆಲ್ಲಿತ್ತು. "ಹಸಿ ಪುದೀನ ಕುಂಡ ದಾಟಿ ಬೆಳೆದು ಬಿದ್ದಿದೆ, ಅದನ್ನ ಕಿತ್ಕೊಂಡು ಬರಬಾರದಾ?" ಅಂದೆ.

"ಅದು ಈಗ ಬೆಳೆದಿದ್ದು," ಅಂದ.

ಆಮೇಲೆ ಕಟ್ಟೆ ಮೇಲಿನ ಪುಡಿನ ಅಂಗೈಯಿಂದ ಬಳಿದು, ಒಂದು ಚೂರೂ ಬಿಡದೆ ಮತ್ತೆ ಡಬ್ಬಿಗೇ ತುಂಬಿ ಮುಚ್ಚಳ ಬಿಗಿದ. ಪುದೀನ ಹಾಕದೆ ಬರೀ ಚಹಾನೇ ಕುಡಿದ್ವಿ.