ಒಂದೇ ತಾಟಿನ ಹಕ್ಕು

ರಾಯಚೂರು, ೨೧೮೪ರ ಫೆಬ್ರವರಿ ೩೦

ಎದೆನೋವಿಲ್ಲದ ಮುಪ್ಪು ಕೊಡುತ್ತೇವೆ ಎಂದರು. ಹೊಟ್ಟೆ ತುಂಬ ಊಟ ಎಂದರು. ಹಗುರ ದುಡಿಮೆ, ಕಣ್ತುಂಬ ನಿದ್ದೆ ಎಂದರು. ಊಟಕ್ಕೆ ಅಳತೆ ಬಂತು. ದುಡಿಮೆ ಹಗುರಾಗಲಿಲ್ಲ, ನಿದ್ದೆ ಸಿಗಲಿಲ್ಲ, ಎದೆನೋವು ಹೋಗಲಿಲ್ಲ.

ಹಿಂದಿನ ಕಾಲದ ಸಂಗಾತಿಗಳೇ, ತಾರೀಖು ನೋಡಿ ನಗಬೇಡಿ. ನಮ್ಮ ಫೆಬ್ರವರಿಗೆ ಮೂವತ್ತು ದಿನ. ಕೆಲವು ಮಾತು ವಿಚಿತ್ರ ಅನ್ನಿಸಿದರೆ ಮನ್ನಿಸಿ.

ಎದೆ ಕೆಡಿಸುವುದು ಕೊಬ್ಬೋ ಹಿಟ್ಟೋ ಎಂಬ ನಿಮ್ಮ ಕಾಲದ ಜಗಳ ಇನ್ನೂ ಮುಗಿದಿಲ್ಲ. ಅದನ್ನು ಬಗೆಹರಿಸಲಾಗದ ಸರ್ಕಾರ ಜನರನ್ನೇ ಎರಡು ಮಾಡಿತು. ಹುಟ್ಟಿದ ಕೂಸಿನ ರಕ್ತ ನೋಡಿ ಮಣಿಕಟ್ಟಿಗೆ ಹಳದಿ ಇಲ್ಲವೇ ಬಿಳಿ ಎದೆಗುರುತು ಒತ್ತುತ್ತಾರೆ: ಹಳದಿಯವರಿಗೆ ಕೊಬ್ಬು, ಬಿಳಿಯವರಿಗೆ ಹಿಟ್ಟು. ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಕೇರಿಗೊಂದು ಹಂಚುಮನೆ, ಅಂದರೆ ಸರ್ಕಾರಿ ಊಟದ ಚಾವಡಿ. ಅದರೊಳಗೆ ಎರಡು ಸಾಲು, ನಡುವೆ ಎದೆಮಟ್ಟದ ಗೋಡೆ.

ನನ್ನದು ಬಿಳಿ ಗುರುತು, ಗಂಡ ಗಿಡ್ಡಪ್ಪನದು ಹಳದಿ. ಬಿಸಿಲಿನಿಂದ ಕರೆಂಟು ತೆಗೆಯುವ ತಗಡುಗಳನ್ನು ಇಬ್ಬರೂ ಕೂಡಿಯೇ ತೊಳೆಯುತ್ತೇವೆ. ಉಣ್ಣುವಾಗ ಮಾತ್ರ ಬೇರೆ. ಮಗಳು ಶಾಲೆಗೆ ಹೋಗುವಷ್ಟಾದಳು. ಇಷ್ಟು ದಿನವೂ ಅವನು ಉಣ್ಣುವ ಸದ್ದು ಕೇಳಿದ್ದೇನೆ, ಅವನ ತಾಟಿಗೆ ಕೈಯಿಟ್ಟಿಲ್ಲ.

ಹೋದ ವಾರ ಅವನು ಗೋಡೆಯ ಮೇಲಿಂದ ಕೈಚಾಚಿ ನನ್ನ ರೊಟ್ಟಿಯ ಮೇಲೆ ಒಂದು ಮಾಂಸದ ತುಂಡಿಟ್ಟ.

"ತಿನ್ನು ಲೇ ಸಂಕವ್ವಾ. ನಿನ್ನ ಎದಿ ನಿಂತ್ರ ನಂದ ಕೊಡ್ತೀನಿ."

"ನಿಂದು ನಿನ್ನ ಹಂತ್ಯಾಕ ಎಲ್ಲೈತಿ? ಲಗ್ನದಾಗ ನಾನ ಇಸಗೊಂಡೀನಿ!"

ಸಾಲು ಸಾಲೇ ನಕ್ಕಿತು. ಮೇಲ್ವಿಚಾರಕ ಓಡಿಬಂದ. "ಏ, ಆ ಸಾಲು ಬ್ಯಾರೆ, ಈ ಸಾಲು ಬ್ಯಾರೆ! ಆಕಿ ತಾಟು ಮುಟ್ಟಬ್ಯಾಡ!"

ಮುಟ್ಟಬ್ಯಾಡ. ನಮ್ಮ ಕೇರಿಗೆ ಈ ಮಾತು ಹೊಸದಲ್ಲ. ಅಂದು ಜಾತಿ ಎಂದು ಹೇಳಿದರು, ಇಂದು ಆರೋಗ್ಯ ಎನ್ನುತ್ತಾರೆ. ಗಿಡ್ಡಪ್ಪನನ್ನು ದೂರದ ಹಂಚುಮನೆಗೆ ಹಾಕಿದ್ದಾರೆ. ಈಗ ಅವನು ಉಣ್ಣುವ ಸದ್ದೂ ಇಲ್ಲ.

ನಾವು ವಿಜ್ಞಾನದ ವೈರಿಗಳಲ್ಲ. ಎಲ್ಲ ಕೊಬ್ಬೂ ಒಂದೇ ಅಲ್ಲ, ಎಲ್ಲ ಹಿಟ್ಟೂ ಒಂದೇ ಅಲ್ಲ ಎನ್ನುವ ವೈದ್ಯರ ಮಾತು ಕೇಳುತ್ತೇವೆ. ಸರ್ಕಾರದವರೇ, ಏನು ಉಣ್ಣಬೇಕು ಹೇಳಿ. ಯಾರ ಜೊತೆ ಎಂದು ಹೇಳಬೇಡಿ. ಹೊತ್ತು ಮುಳುಗುವ ತನಕ ಬಿಸಿಲಲ್ಲಿ ದುಡಿಸುತ್ತೀರಲ್ಲ, ಅದು ಎದೆಗೆ ಏನು ಮಾಡುತ್ತದೆಂದು ಯಾಕೆ ಅಳೆಯುವುದಿಲ್ಲ?

ಸಂಗಾತಿಗಳೇ, ನೀವು ಜಗಳ ಮಾಡಿ, ಪ್ರಶ್ನೆ ಕೇಳಿ. ಊಟದ ನಡುವೆ ಗೋಡೆ ಏಳಲು ಮಾತ್ರ ಬಿಡಬೇಡಿ. ಇವತ್ತು ನಿಮ್ಮವರ ತಾಟಿಗೆ ಕೈಹಾಕಿ, ನನ್ನ ಪಾಲಿನದೂ ಒಂದು ತುತ್ತು ತಿನ್ನಿ.

ಈ ಪತ್ರದ ಒಂದು ಪ್ರತಿಯನ್ನು ನಮ್ಮ ಹಂಚುಮನೆ ಬಾಗಿಲಿಗೂ ಅಂಟಿಸುತ್ತೇನೆ. ಕೊನೆಯ ಮಾತು ಕೇರಿಯವರಿಗೆ. ಸಭೆ ಸೇರೋಣ, ಹಂಚುಮನೆಯೊಳಗೇ, ಗೋಡೆಯ ಬುಡದಲ್ಲಿ. ಗಿಡ್ಡಪ್ಪ ನಡೆದು ಬರುತ್ತಾನೆ. ಹಾರೆ ಇದ್ದವರು ಹಾರೆ ತನ್ನಿ, ಇಲ್ಲದವರು ಹಸಿದು ಬನ್ನಿ: ಮಾರ್ಚ್ ನಾಲ್ಕು, ಗುರುವಾರ, ಸಂಜೆ ಆರೂವರೆಗೆ.